ಹೊನ್ನಾವರದ ದೋಣಿಗೆ ಹೊರಡುವ ಮೊದಲು ತಿಥಿ ನೋಡಿ

ನಮ್ಮ ಮನೆ ಸಾಗರದ ಹತ್ತಿರ, ಶರಾವತಿ ಹಿನ್ನೀರಿನ ಅಂಚಿಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನಿಂತ ನೀರು ಇದು. ಇದೇ ನೀರು ಘಟ್ಟ ಇಳಿದು ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಅಲ್ಲಿ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ದೋಣಿಯಲ್ಲಿ ತಿರುಗುವುದು ಅಂದರೆ ನನಗೆ ಪ್ರಾಣ. ಚಳಿಗಾಲದಲ್ಲಿ ನೆಂಟರು ಬಂದರೆ ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.

ಮೊದಲ ಸಲ ಹೋದಾಗ ಮಧ್ಯಾಹ್ನ ಹನ್ನೆರಡು ಗಂಟೆ, ತುಂಬು ಉಬ್ಬರ. ಎರಡೂ ಕಡೆ ಬರೀ ಹಸಿರು ಗೋಡೆ. ಒಂದು ಬೆಳ್ಳಕ್ಕಿ ಬಿಟ್ಟರೆ ಏನೂ ಕಾಣಲಿಲ್ಲ. ಅಕ್ಕನ ಮಕ್ಕಳು ದೋಣಿಯಲ್ಲೇ ನಿದ್ದೆ ಹೋದರು. ಆಮೇಲೆ ಗೊತ್ತಾಯಿತು, ಇಲ್ಲಿ ನೋಡಬೇಕಾದ್ದೆಲ್ಲ ನೀರು ಇಳಿದಾಗಲೇ ಹೊರಗೆ ಬರುವುದು.

ಹಾಗಾಗಿ ಕ್ಯಾಲೆಂಡರ್ ತೆಗೆದು ತಿಥಿ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರಿನ ಏರಿಳಿತ ಜಾಸ್ತಿ, ಕೆಸರೂ ಜಾಸ್ತಿ ತೆರೆದುಕೊಳ್ಳುತ್ತದೆ. ಅಷ್ಟಮಿ ಹೊತ್ತಿಗೆ ಕಡಿಮೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಿಂದಿನ ದಿನ ದೋಣಿಯವರಿಗೆ ಫೋನ್ ಮಾಡಿ, 'ನಾಳೆ ಇಳಿತ ಎಷ್ಟೊತ್ತಿಗೆ?' ಅಂತ ಕೇಳಿಬಿಡಿ. ಪೂರ್ತಿ ಇಳಿದ ಮೇಲೆ ಸಣ್ಣ ಕಾಲುವೆಗಳಿಗೆ ದೋಣಿ ಹೋಗುವುದಿಲ್ಲ. ನೀರು ಇಳಿಯಲು ಶುರುವಾದಾಗ ಹೊರಟು, ಮೊದಲು ಕಿರಿದಾದ ಕಡೆ ನುಗ್ಗಿ, ಆಮೇಲೆ ಹೊಳೆಗೆ ಬನ್ನಿ.

ಸಾಗರದಿಂದ ಜೋಗ, ಗೇರುಸೊಪ್ಪೆ ದಾಟಿ ಹೊನ್ನಾವರಕ್ಕೆ ಸುಮಾರು 90 ಕಿಲೋಮೀಟರ್. ಇಳಿತ ಬೆಳಗಿನ ಹೊತ್ತು ಇದ್ದರೆ ಐದು ಗಂಟೆಗೇ ಹೊರಡಿ. ಬೆಳಿಗ್ಗೆ ಕಡಲಿನ ಕಡೆ ಹೋಗುವಾಗ ಬಿಸಿಲು ಬೆನ್ನ ಹಿಂದೆ ಇರುತ್ತದೆ, ಹಕ್ಕಿಯ ಬಣ್ಣ ಚೆನ್ನಾಗಿ ಕಾಣುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಬೇಡವೇ ಬೇಡ.

ದೋಣಿ ಹತ್ತಿದ ತಕ್ಷಣ ಲೈಫ್ ಜಾಕೆಟ್ ಹಾಕಿಕೊಳ್ಳಿ. ಮಕ್ಕಳಿಗೆ ಅವರ ಅಳತೆಯದ್ದೇ ಕೇಳಿ ಪಡೆಯಿರಿ. ಕಾಂಡ್ಲಾ ಹತ್ತಿರ ಬಂದಾಗ ಇಂಜಿನ್ ಬಂದ್ ಮಾಡಲು ಹೇಳಿ. ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಮೊದಲು ಏನೂ ಇಲ್ಲ ಅನಿಸುತ್ತದೆ. ಸ್ವಲ್ಪ ಹೊತ್ತಿಗೆ ಕೆಸರಿನ ತೂತುಗಳಿಂದ ಏಡಿಗಳು ಹೊರಗೆ ಬರುತ್ತವೆ. ಕೆಲವದರಲ್ಲಿ ಗಂಡಿಗೆ ಇಕ್ಕಳದಂಥ ಒಂದೇ ಒಂದು ದೊಡ್ಡ ಕೈ, ಅದನ್ನು ಎತ್ತಿ ಎತ್ತಿ ಹೆಣ್ಣನ್ನು ಕರೆಯುತ್ತದೆ. ಪಕ್ಕದಲ್ಲೇ ಕೆಸರಿನ ಮೇಲೆ ಕುಪ್ಪಳಿಸುವ ಪುಟ್ಟ ಮೀನು. ಹೌದು, ಮೀನೇ! ಮೈ ಒದ್ದೆ ಇದ್ದರೆ ನೀರಿನ ಹೊರಗೂ ಉಸಿರಾಡುತ್ತದೆ. ಉಪ್ಪಟ್ಟಿ ಅನ್ನುವ ಕಾಂಡ್ಲಾ ಗಿಡದ ಬುಡ ನೋಡಿ, ಪೆನ್ಸಿಲ್ ನೆಟ್ಟ ಹಾಗೆ ಬೇರುಗಳು ಮೇಲಕ್ಕೆ ನಿಂತಿರುತ್ತವೆ. ಕೆಸರಿನಲ್ಲಿ ಗಾಳಿ ಸಿಗದ್ದಕ್ಕೆ ಗಿಡ ಮಾಡಿಕೊಂಡ ಉಪಾಯ ಅದು. ಬಾಗಿದ ಕೊಂಬೆಗಳ ಮೇಲೆ ಮಿಂಚುಳ್ಳಿ ಹುಡುಕಿ. ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈ ಇರುವ ಗರುಡ ತಲೆ ಮೇಲೇ ಸುತ್ತುತ್ತಿರುತ್ತದೆ. ಹಕ್ಕಿಗಳು ಗುಂಪಾಗಿ ಕೂತ ಮರದ ಹತ್ತಿರ ಹೋಗಲು ದೋಣಿಯವರನ್ನು ಒತ್ತಾಯಿಸಬೇಡಿ. ದುರ್ಬೀನು ಇದ್ದರೆ ದೂರದಿಂದಲೇ ಸಾಕು.

ಬಳಚು (ಕೆಸರಿನಲ್ಲಿ ಸಿಗುವ, ತಿನ್ನುವ ಚಿಪ್ಪುಜೀವಿ) ಆರಿಸುವವರನ್ನು ನೋಡಬೇಕು ಅಂದರೆ ಉತ್ತರಕ್ಕಿರುವ ಅಘನಾಶಿನಿ ಹೊಳೆಗೆ ಹೋಗಬೇಕು. ವಿದ್ಯುತ್ ತಯಾರಿಸಿದ ಮೇಲೆ ನಮ್ಮ ಕಡೆಯ ಸಿಹಿನೀರನ್ನು ವರ್ಷವಿಡೀ ಕೆಳಗೆ ಬಿಡುವುದರಿಂದ ಶರಾವತಿ ಅಳಿವೆಯಲ್ಲಿ ಉಪ್ಪು ಕಡಿಮೆಯಾಗಿದೆ, ಉಪ್ಪು ಬೇಕಾದ ಬಳಚೂ ಕಡಿಮೆಯಾಗಿದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ನಮ್ಮ ಮನೆಯ ದೀಪಕ್ಕೂ ಶರಾವತಿಯ ಬಳಚಿಗೂ ಇರುವ ಈ ನಂಟನ್ನು ನೆಂಟರಿಗೆ ದೋಣಿಯಲ್ಲೇ ಹೇಳುತ್ತೇನೆ.

ವಾಪಸ್ ಬರುವಾಗ ಕತ್ತಲಾಗುವ ಮೊದಲೇ ಗೇರುಸೊಪ್ಪೆ ಘಟ್ಟ ಹತ್ತಿ. ಅದೃಷ್ಟ ಇದ್ದರೆ ಮರದ ಮೇಲೆ ಸಿಂಗಳೀಕ ಕಾಣಬಹುದು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ತಿಂಡಿ ಮಾತ್ರ ಹಾಕಬೇಡಿ. ತಿನ್ನುವ ಆಸೆಗೆ ರಸ್ತೆಗೆ ಇಳಿದರೆ ಗಾಡಿಗೆ ಸಿಕ್ಕಿ ಸಾಯುತ್ತವೆ.