ಅಂಚು ಕಾಯುವವನು

ಬ್ರೂನೋ ನಮ್ಮ ಮನೆಗೆ ಬಂದಾಗ ಅವನಿಗೆ ಐದು ವರ್ಷ. ಜರ್ಮನ್ ಶೆಫರ್ಡ್. ಸಾಕಿದವರು ಮನೆ ಬದಲಿಸುವಾಗ ಬಿಟ್ಟುಕೊಟ್ಟಿದ್ದರು, ಬೆಂಗಳೂರಿನ ನಾಯಿ ರಕ್ಷಣಾ ತಂಡವೊಂದು ಸಲಹುತ್ತಿತ್ತು. ಮರಿ ತರಬಹುದಿತ್ತಲ್ಲ ಎಂದು ಚಿತ್ರದುರ್ಗದಲ್ಲಿ ನನ್ನನ್ನು ಕೇಳದವರಿಲ್ಲ. ನನಗೆ ಶಾಲೆಯ ಕೆಲಸ, ಅಮ್ಮನಿಗೆ ಎಪ್ಪತ್ತು ದಾಟಿದೆ. ಮರಿಯ ಹಿಂದೆ ಓಡುವವರು ಯಾರು? ಬೆಳೆದ ನಾಯಿಯಾದರೆ ಅದರ ಗಾತ್ರ, ಗುಣ, ಕಾಯಿಲೆ ಎಲ್ಲವೂ ತರುವ ಮೊದಲೇ ಕಣ್ಣಿಗೆ ಕಾಣುತ್ತದೆ.

ಅರ್ಜಿ, ಫೋನಿನಲ್ಲಿ ವಿಚಾರಣೆ, ಕಾಂಪೌಂಡಿನ ಎತ್ತರ ತೋರಿಸುವ ವಿಡಿಯೊ, ಒಪ್ಪಂದ, ಇವೆಲ್ಲ ಮೂರು ವಾರದಲ್ಲಿ ಮುಗಿದವು. ನಾನು ಎರಡು ಸಲ ಹೋಗಿ ನೋಡಿದೆ. ಮೊದಲ ಸಲ ಅವನು ನನ್ನತ್ತ ತಿರುಗಲೂ ಇಲ್ಲ. ಎರಡನೆಯ ಸಲ ಅರ್ಧ ಗಂಟೆ ಪಕ್ಕದಲ್ಲಿ ಸುಮ್ಮನೆ ಕುಳಿತೆ. ಹೊರಟಾಗ ಗೇಟಿನವರೆಗೆ ಬಂದ. ನನಗೆ ಅಷ್ಟು ಸಾಕಾಯಿತು. ಲಸಿಕೆಯ ಪುಸ್ತಕ, ಉಣ್ಣಿಯಿಂದ ಬರುವ ಜ್ವರಕ್ಕೆ ಕೊಟ್ಟ ಔಷಧದ ಚೀಟಿ, ಸೊಂಟದ ಎಕ್ಸ್‌ರೇ ಮೂರನ್ನೂ ಕೇಳಿ ಪಡೆದೆ. ಈ ತಳಿಗೆ ಸೊಂಟದ ಕೀಲಿನ ತೊಂದರೆ ಹೆಚ್ಚು, ಎಕ್ಸ್‌ರೇ ನೋಡದೆ ತರಬಾರದು.

ಬೆಂಗಳೂರಿನಿಂದ ಇಲ್ಲಿಗೆ ಸುಮಾರು 200 ಕಿಲೋಮೀಟರ್. ಕೊರಳಪಟ್ಟಿಗೊಂದು, ಎದೆಪಟ್ಟಿಗೊಂದು ಹಗ್ಗ ಕಟ್ಟಿ, ಎರಡೂ ಕೈಯಲ್ಲಿರುವುದನ್ನು ನೋಡಿಕೊಂಡೇ ಶಿರಾದ ಬಳಿ ಕಾರಿನ ಬಾಗಿಲು ತೆರೆದೆ. ಹೊಸ ಜಾಗದಲ್ಲಿ ಹೆದರಿದ ನಾಯಿ ಒಮ್ಮೆ ಕೈತಪ್ಪಿ ಓಡಿದರೆ ಯಾರು ಕರೆದರೂ ನಿಲ್ಲುವುದಿಲ್ಲ.

ಮೊದಲ ಎರಡು ದಿನ ರಾಗಿ ಡ್ರಮ್ಮಿನ ಹಿಂದೆ ಮಲಗಿಯೇ ಇದ್ದ, ಅನ್ನ ಮುಟ್ಟಲಿಲ್ಲ. ನೆಂಟರಿಗೆ ಈಗ ಬರಬೇಡಿ ಎಂದು ಹೇಳಿದೆ. ತಲೆ ಸವರಬೇಕೆಂಬ ಆಸೆಯನ್ನು ಅದುಮಿಟ್ಟುಕೊಂಡೆ. ಮೂರನೆಯ ರಾತ್ರಿ ತಟ್ಟೆ ಖಾಲಿಯಾಗಿತ್ತು.

ಆದರೆ ನನ್ನ ಮಾತು ಅವನಿಗೆ ತಟ್ಟುತ್ತಲೇ ಇರಲಿಲ್ಲ. ‘ಬಾ’ ಎಂದರೂ ಅಷ್ಟೇ, ‘ಕೂರು’ ಎಂದರೂ ಅಷ್ಟೇ. ತಂಡದವರಿಗೆ ಫೋನ್ ಮಾಡಿದಾಗ ಹಿಂದಿನ ಮನೆಯಲ್ಲಿ ಹಿಂದಿ ಆಡುತ್ತಿದ್ದರೆಂದು ತಿಳಿಯಿತು. ಫೋನ್ ಇಟ್ಟು ‘ಬೈಠ್’ ಎಂದೆ. ಎರಡೂ ಕಿವಿ ನೆಟ್ಟಗಾದವು, ತಕ್ಷಣ ಕುಳಿತ, ಮೊದಲ ಬಾರಿಗೆ ನನ್ನ ಮುಖ ನೋಡಿದ. ಎಷ್ಟು ದಿನದಿಂದ ಅವನಿಗೆ ಒಂದು ಮಾತೂ ಅರ್ಥವಾಗಿರಲಿಲ್ಲವಲ್ಲ ಎಂದು ನನ್ನ ಕಣ್ಣು ತುಂಬಿತು. ಅಂದಿನಿಂದ ಮೊದಲು ‘ಕೂರು’, ಒಂದು ಕ್ಷಣ ಬಿಟ್ಟು ‘ಬೈಠ್’, ಕುಳಿತ ಮೇಲೆ ಬೇಯಿಸಿದ ಕೋಳಿಯ ಚೂರು. ಹೊಸ ಮಾತು ಮೊದಲು ಬರಬೇಕು, ಹಳೆಯದು ಆಮೇಲೆ. ಎರಡು ವಾರದಲ್ಲಿ ಹಿಂದಿ ಬೇಕಾಗಲಿಲ್ಲ.

ಧೈರ್ಯ ಬಂದ ಮೇಲೆ ಇನ್ನೊಂದು ಸಮಸ್ಯೆ ಎದ್ದಿತು. ತಮ್ಮನ ಮಗಳು ಅಂಗಳದಲ್ಲಿ ಓಡಿದರೆ ಸುತ್ತು ಹಾಕಿ ಅಡ್ಡ ನಿಲ್ಲುತ್ತಿದ್ದ, ಹಿಮ್ಮಡಿಯನ್ನು ಮೂತಿಯಿಂದ ತಿವಿಯುತ್ತಿದ್ದ. ಒಂದು ದಿನ ಕಾಲುಚೀಲದ ಮೇಲೆ ಹಲ್ಲಿನ ಗುರುತು ಬಿತ್ತು. ಮತ್ತೆ, ಕಾಂಪೌಂಡಿನ ಪಕ್ಕದಲ್ಲೇ ಆ ತುದಿಯಿಂದ ಈ ತುದಿಗೆ ನಡೆದು ನಡೆದು ಮಣ್ಣಿನಲ್ಲಿ ಗೇಣಗಲದ ದಾರಿ ಬಿದ್ದಿತ್ತು. ಅಮ್ಮನ ಹೂಕುಂಡಗಳು ಉರುಳುತ್ತಿದ್ದವು. ಗದರಿಸಿದೆ, ಕಟ್ಟಿಹಾಕಿದೆ. ಪ್ರಯೋಜನವಾಗಲಿಲ್ಲ.

ಅದನ್ನು ಬಿಡಿಸಿ ಹೇಳಿದವರು ಒಬ್ಬ ಕುರಿಗಾಹಿ. ಮನೆಯ ಹಿಂದಿನ ಹೊಲದಲ್ಲಿ ಮಂದೆ ನಿಲ್ಲಿಸಿದ್ದರು. ಬೇಲಿಯಾಚೆಯಿಂದ ಬಹಳ ಹೊತ್ತು ನೋಡಿ, “ಮೇಷ್ಟ್ರೇ, ಇದು ಅಂಚು ಕಾಯುವ ನಡಿಗೆ. ಶೇಂಗಾ ಹೊಲಕ್ಕೆ ಕುರಿ ನುಗ್ಗದಂತೆ ನಾವು ಬದುವಿನ ಮೇಲೆ ಓಡಾಡುವುದಿಲ್ಲವೇ, ಹಾಗೆ” ಎಂದರು.

ನೂರಕ್ಕೆ ನೂರು ನಿಜ. ಜರ್ಮನಿಯಲ್ಲಿ 1899ರಲ್ಲಿ ಈ ತಳಿಗೆ ಸಂಘ ಕಟ್ಟಿ ರೂಪ ಕೊಟ್ಟಾಗ ಆರಿಸಿಕೊಂಡದ್ದು ಕುರಿ ಕಾಯುವ ನಾಯಿಗಳನ್ನೇ. ಬೇಲಿಯಿಲ್ಲದ ಬೆಳೆಯ ಪಕ್ಕದಲ್ಲಿ ಮೇಯುವ ಹಿಂಡಿಗೆ ತಾವೇ ಬೇಲಿಯಾಗಿ ಓಡಾಡುವುದು ಅವುಗಳ ಕೆಲಸ. ನಾನು ಅವನ ಕಸುಬನ್ನೇ ತಪ್ಪೆಂದು ಗದರಿಸುತ್ತಿದ್ದೆ. ಹಾಗೆಂದು ಅವನನ್ನು ಮಂದೆಗೆ ಬಿಡಲಿಲ್ಲ. ಕಲಿಯದ ನಾಯಿ ಅಟ್ಟಿದರೆ ಗಬ್ಬದ ಕುರಿಗಳು ಕಂದು ಹಾಕುತ್ತವೆ.

ಬದಲಿಗೆ ಬೇರೆ ಕೆಲಸ ಕೊಟ್ಟೆ. ಬೆಳಗ್ಗೆ ಆರಕ್ಕೆ ಮೊದಲು ಜೋಗಿಮಟ್ಟಿ ರಸ್ತೆಯಲ್ಲಿ ಒಂದು ಗಂಟೆ ನಡಿಗೆ. ಸಂಜೆ ಹತ್ತು ತೆಂಗಿನ ಚಿಪ್ಪು ಕವುಚಿಟ್ಟು ಮೂರರ ಕೆಳಗೆ ತಿಂಡಿ ಬಚ್ಚಿಟ್ಟು ‘ಹುಡುಕು’ ಎನ್ನುತ್ತೇನೆ. ಹದಿನೈದು ನಿಮಿಷ ಮೂಗು ಬಳಸಿದರೆ ಗಂಟೆಗಟ್ಟಲೆ ಓಡಿದವನಂತೆ ದಣಿದು ಮಲಗುತ್ತಾನೆ. ಮಗುವಿಗೆ, ಅವನು ಹತ್ತಿರ ಬಂದರೆ ಓಡದೆ ಮರದ ಹಾಗೆ ನಿಲ್ಲಲು ಕಲಿಸಿದೆವು. ಇಂದಿಗೂ ಇಬ್ಬರನ್ನೇ ಬಿಟ್ಟು ಒಳಗೆ ಹೋಗುವುದಿಲ್ಲ.

ಕುರಿ ಸೀಮೆಯಲ್ಲಿ ನಾಯಿ ಸಾಕುವವರು ಒಂದು ವಿಷಯ ಮರೆಯಬಾರದು. ಕುರಿಯ ಹುಳು, ಉಣ್ಣಿಗೆಂದು ತಂದ ಐವರ್‌ಮೆಕ್ಟಿನ್ ಔಷಧ ಉಳಿದಿದೆಯೆಂದು ಉಣ್ಣಿಗೆ ನಾಯಿಗೂ ಚುಚ್ಚಿಸುವುದುಂಟು. ಕುರಿ ಕಾಯುವ ಇನ್ನೊಂದು ತಳಿಯಾದ ಕೋಲಿಯ ಬಹಳಷ್ಟು ನಾಯಿಗಳಲ್ಲಿ, ಕೆಲವು ಜರ್ಮನ್ ಶೆಫರ್ಡ್‌ಗಳಲ್ಲಿ ಒಂದು ವಂಶವಾಹಿ ದೋಷವಿರುತ್ತದೆ. ಅಂಥ ನಾಯಿಗೆ ಕೊಟ್ಟರೆ ಆ ಔಷಧ ಮಿದುಳಿಗೆ ಏರಿ ಪ್ರಾಣಕ್ಕೇ ಕುತ್ತು ಬರಬಹುದು. ಪಶುವೈದ್ಯರನ್ನು ಕೇಳದೆ ಕೊಡಬೇಡಿ.

ಬಂದಾಗ 24 ಕಿಲೋ ಇದ್ದವನು ಈಗ 31 ಕಿಲೋ ಆಗಿದ್ದಾನೆ. ಕಾಂಪೌಂಡಿನ ಅಂಚಿನ ನಡಿಗೆ ಮಾತ್ರ ನಿಂತಿಲ್ಲ. ಏದುಸಿರು, ಜೊಲ್ಲು ಇದ್ದರೆ ಅದು ಕಳವಳ. ಇವನು ಬಾಯಿ ಮುಚ್ಚಿ, ಕಿವಿ ನಿಮಿರಿಸಿ ಸಂಜೆ ನಾಲ್ಕಾರು ಸುತ್ತು ಹಾಕುತ್ತಾನೆ, ಎಲ್ಲರೂ ಮನೆ ಸೇರಿದ ಮೇಲೆ ಹೊಸ್ತಿಲ ಬಳಿ ಮಲಗುತ್ತಾನೆ. ಕಳೆದ ವಾರ ಅಮ್ಮ ಕನಕಾಂಬರದ ಕುಂಡಗಳನ್ನೆಲ್ಲ ಕಾಂಪೌಂಡಿನಿಂದ ಎರಡಡಿ ಈಚೆಗೆ ಸರಿಸಿಟ್ಟು, ಆ ದಾರಿಯ ಕಲ್ಲುಗಳನ್ನು ಆರಿಸಿ ತೆಗೆದರು.