ಲ್ಯಾಬ್ ಅಸೈನ್‌ಮೆಂಟ್‌ನಲ್ಲಿ ನಕಲು: ನಾನು ಮಾಸ್ ಬಳಸುವ ಬಗೆ

60 ವಿದ್ಯಾರ್ಥಿಗಳ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್‌ನಲ್ಲಿ ಒಂದು ಅಸೈನ್‌ಮೆಂಟ್‌ನ ಉತ್ತರಗಳನ್ನು ಎರಡೆರಡಾಗಿ ಹೋಲಿಸಲು ಕೂತರೆ 1,770 ಜೋಡಿ ಆಗುತ್ತವೆ. ಕಣ್ಣಿಗೆ ಇದು ಆಗದ ಕೆಲಸ. ಅದಕ್ಕೇ ನಾನು ಪ್ರೋಗ್ರಾಮ್‌ಗಳ ನಡುವಿನ ಹೋಲಿಕೆ ಹುಡುಕುವ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾಸ್ ಬಳಸುತ್ತೇನೆ. 1994ರಿಂದ ಇರುವ ಸೇವೆ, ಬೋಧನೆಗೆ ಉಚಿತ. ಇಮೇಲ್ ಕಳಿಸಿ ನೋಂದಾಯಿಸಿದರೆ ನಿಮ್ಮ ಬಳಕೆದಾರ ಸಂಖ್ಯೆ ಇರುವ ಒಂದು ಪರ್ಲ್ ಸ್ಕ್ರಿಪ್ಟ್ ಬರುತ್ತದೆ. ಅದನ್ನು ಲಿನಕ್ಸ್ ಸಿಸ್ಟಮ್‌ನಲ್ಲಿ ಓಡಿಸಿದರೆ ಸಾಕು, ಯಾವ ಜೋಡಿಯಲ್ಲಿ ಶೇಕಡಾ ಎಷ್ಟು ಹೋಲಿಕೆ ಎಂದು ತೋರಿಸುವ ವೆಬ್ ಪುಟದ ಕೊಂಡಿ ಬರುತ್ತದೆ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ವಿಟಿಯು ಪಠ್ಯಕ್ರಮದ ಲ್ಯಾಬ್ ಪಟ್ಟಿಯಲ್ಲಿರುವ ಪ್ರೋಗ್ರಾಮ್‌ಗಳ ಮೇಲೆ ಇದನ್ನು ಹಾಕಬೇಡಿ. ಇಡೀ ತರಗತಿ ಒಂದೇ ಮ್ಯಾನ್ಯುಯಲ್ ನೋಡಿ ಕಲಿತ ಪ್ರೋಗ್ರಾಮ್ ಒಂದೇ ಥರ ಇರದೆ ಇನ್ನೇನು? ನಾನು ಹೊರಗಿನಿಂದ ಕೊಡುವ ಅಸೈನ್‌ಮೆಂಟ್‌ಗೆ ಮಾತ್ರ, ಅದೂ 80 ಸಾಲಿಗಿಂತ ಹೆಚ್ಚು ಬರೆಯಬೇಕಾದ ಪ್ರಶ್ನೆಗೆ ಮಾತ್ರ ಬಳಸುತ್ತೇನೆ. 30 ಸಾಲಿನ ಲಿಂಕ್ಡ್ ಲಿಸ್ಟ್ ಪ್ರೋಗ್ರಾಮನ್ನು ಹತ್ತು ಜನ ಹತ್ತು ಕಡೆ ಕೂತು ಬರೆದರೂ ಹೋಲಿಕೆ ಬಂದೇ ಬರುತ್ತದೆ.

ಫೈಲ್‌ಗಳನ್ನು ಅಣಿಮಾಡುವುದಕ್ಕೇ ಹೆಚ್ಚು ಸಮಯ ಹೋಗುತ್ತದೆ. ಪ್ರೋಗ್ರಾಮ್‌ಗಳು ಹೊರದೇಶದ ಸರ್ವರ್‌ಗೆ ಹೋಗುವುದರಿಂದ ಹೆಸರು, ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಇರುವ ಕಾಮೆಂಟ್ ಸಾಲುಗಳನ್ನು ತೆಗೆಯುತ್ತೇನೆ. ಫೋಲ್ಡರ್‌ಗಳಿಗೆ ಯುಎಸ್‌ಎನ್ ಬದಲು 001, 002 ಎಂದು ಹೆಸರಿಟ್ಟು, ಯಾವ ಸಂಖ್ಯೆ ಯಾರದ್ದು ಎಂಬ ಪಟ್ಟಿಯನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಪ್ರೋಗ್ರಾಮನ್ನು ವರ್ಡ್ ಫೈಲಿಗೆ ಅಂಟಿಸಿ ಕಳಿಸಿದವರು, ನೋಟ್‌ಪ್ಯಾಡ್‌ನಲ್ಲಿ ಯುಟಿಎಫ್-16 ಆಗಿ ಉಳಿಸಿದವರು ಪ್ರತಿ ಸಲವೂ ಇರುತ್ತಾರೆ. ಸರಳ ಪಠ್ಯವಲ್ಲದ ಫೈಲ್ ಒಂದೇ ಒಂದು ಸಿಕ್ಕರೂ ಸ್ಕ್ರಿಪ್ಟ್ ಏನನ್ನೂ ಕಳಿಸದೆ ನಿಂತುಬಿಡುತ್ತದೆ. ಇನ್ನೊಂದು ತೊಡಕು ನೆಟ್‌ವರ್ಕ್‌ನದು. ಮಾಸ್ ಮಾತಾಡುವುದು 7690ನೇ ಪೋರ್ಟ್‌ನಲ್ಲಿ. ಕ್ಯಾಂಪಸ್ ಫೈರ್‌ವಾಲ್ ಅದನ್ನು ಮುಚ್ಚಿದ್ದರೆ ಸ್ಕ್ರಿಪ್ಟ್ ಸುಮ್ಮನೆ ಕಾಯುತ್ತಾ ಕೂರುತ್ತದೆ. ಆಗ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಕಳಿಸಿ ನೋಡಿ.

ಸ್ಕ್ರಿಪ್ಟಿಗೆ ಭಾಷೆ ಯಾವುದೆಂದು ನಾವೇ ಹೇಳಬೇಕು. ಹೇಳದಿದ್ದರೆ ಸಿ ಎಂದೇ ತಿಳಿಯುತ್ತದೆ, ಜಾವಾ ಕೊಟ್ಟರೂ ಅಷ್ಟೆ. ಒಬ್ಬೊಬ್ಬರದು ನಾಲ್ಕೈದು ಫೈಲ್ ಇದ್ದರೆ 'ಡಿ' ಆಯ್ಕೆ ಹಾಕಬೇಕು, ಆಗ ಒಂದು ಫೋಲ್ಡರ್ ಒಬ್ಬರ ಉತ್ತರ ಎಂದು ಲೆಕ್ಕ. ನಾನೇ ಕೊಟ್ಟ ಮೆನು, ಇನ್‌ಪುಟ್ ಓದುವ ಭಾಗಗಳನ್ನು 'ಬಿ' ಆಯ್ಕೆಯಲ್ಲಿ ಮೂಲ ಫೈಲ್ ಆಗಿ ಸೇರಿಸುತ್ತೇನೆ, ಆಗ ಅವು ಹೋಲಿಕೆಯ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಮರೆತರೆ ತರಗತಿಗೆ ತರಗತಿಯೇ ಕಳ್ಳರಂತೆ ಕಾಣುತ್ತದೆ.

ಬಹಳ ಜನ ಎಡವುವುದು 'ಎಂ' ಆಯ್ಕೆಯಲ್ಲಿ. ಅಲ್ಲಿ ಬೇರೆ ಸಂಖ್ಯೆ ಕೊಡದಿದ್ದರೆ, 10ಕ್ಕಿಂತ ಹೆಚ್ಚು ಪ್ರೋಗ್ರಾಮ್‌ಗಳಲ್ಲಿ ಕಂಡ ತುಣುಕನ್ನು ಮಾಸ್ 'ಇದು ಎಲ್ಲರಿಗೂ ಕೊಟ್ಟದ್ದಿರಬೇಕು' ಎಂದು ಬಿಟ್ಟುಬಿಡುತ್ತದೆ. ಅಂದರೆ ಮೂರು ಜನ ನಕಲು ಮಾಡಿದರೆ ಸಿಕ್ಕಿಬೀಳುತ್ತಾರೆ, ಮೂವತ್ತು ಜನ ಮಾಡಿದರೆ ಪುಟ ಸ್ವಚ್ಛ. ಅದಕ್ಕೇ ಎರಡು ಸಲ ಓಡಿಸುತ್ತೇನೆ, ಒಮ್ಮೆ 10 ಇಟ್ಟು, ಇನ್ನೊಮ್ಮೆ 1000 ಇಟ್ಟು. ಹಿಂದಿನ ವರ್ಷದ ಉತ್ತರಗಳನ್ನೂ ಜೊತೆಗೇ ಹಾಕುತ್ತೇನೆ. ಸೀನಿಯರ್‌ಗಳ ಪೆನ್‌ಡ್ರೈವ್ ನಮ್ಮ ಪ್ರಶ್ನೆಪತ್ರಿಕೆಗಿಂತ ಮೊದಲೇ ಹಾಸ್ಟೆಲ್ ತಲುಪಿರುತ್ತದೆ.

ಮಾಸ್ ಕೆಲಸ ಮಾಡುವ ಕ್ರಮ ತಿಳಿದಿದ್ದರೆ ಫಲಿತಾಂಶ ಓದುವುದು ಸುಲಭ. ಖಾಲಿ ಜಾಗ, ವೇರಿಯಬಲ್‌ಗಳ ಹೆಸರು ಇವನ್ನೆಲ್ಲ ಮೊದಲೇ ಕಳಚುತ್ತದೆ. ಉಳಿದದ್ದನ್ನು ಒಂದರ ಮೇಲೊಂದು ಹಾಯುವ ಚಿಕ್ಕ ತುಣುಕುಗಳಾಗಿಸಿ, ಪ್ರತಿ ತುಣುಕಿಗೂ ಅದರಿಂದಲೇ ಲೆಕ್ಕ ಹಾಕಿದ ಒಂದು ಗುರುತು ಸಂಖ್ಯೆ (ಹ್ಯಾಶ್) ಕೊಟ್ಟು, ಅಕ್ಕಪಕ್ಕದ ಕೆಲವು ಸಂಖ್ಯೆಗಳಲ್ಲಿ ಅತಿ ಚಿಕ್ಕದನ್ನಷ್ಟೇ ಇಟ್ಟುಕೊಳ್ಳುತ್ತದೆ. ಮೊರದಲ್ಲಿ ಕೇರಿದ ಹಾಗೆ. 2003ರಲ್ಲಿ ಪ್ರಕಟವಾದ ಈ ವಿಧಾನದ ಹೆಸರೂ ಅದೇ, ವಿನೋಯಿಂಗ್. ಹಾಗಾಗಿ ಹೆಸರು ಬದಲಿಸಿದರೂ, ಫಂಕ್ಷನ್‌ಗಳನ್ನು ಹಿಂದೆಮುಂದೆ ಮಾಡಿದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಆದರೆ ಶೇಕಡಾ ಅಂಕಿಯನ್ನು ಸಾಕ್ಷಿ ಎಂದು ನಾನು ಒಪ್ಪುವುದಿಲ್ಲ. ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮದಲ್ಲಿರುವ ಶೇಕಡಾ 10, 40, 60 ಎಂಬ ಮಿತಿಗಳನ್ನು ಕೆಲವರು ಇಲ್ಲಿಗೂ ಎಳೆದು ತರುತ್ತಾರೆ. ಅವು ಪ್ರಬಂಧ, ಲೇಖನಗಳಿಗೆ ಮಾಡಿದವು. ಮಾಸ್‌ನ ಅಂಕಿ ಯಾವ ಜೋಡಿಯನ್ನು ಮೊದಲು ಓದಬೇಕು ಎಂದಷ್ಟೇ ಹೇಳುತ್ತದೆ. ನಾನು ಮೇಲಿನ 15 ಜೋಡಿಗಳನ್ನು ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಓದುತ್ತೇನೆ. ಸರಿಯಾದ ಭಾಗ ಒಂದೇ ಥರ ಇದ್ದರೆ ಅದಕ್ಕೆ ಅಷ್ಟು ತೂಕವಿಲ್ಲ. ತಪ್ಪೂ ಒಂದೇ ಆಗಿದ್ದರೆ ತೂಕವಿದೆ.

ಸರ್ಕ್ಯುಲರ್ ಕ್ಯೂ ಅಸೈನ್‌ಮೆಂಟ್‌ನ ಒಂದು ಜೋಡಿ ನೋಡಿ. ಈ ಕ್ಯೂನಲ್ಲಿ ಕೊನೆಯ ಜಾಗ ಆದ ಮೇಲೆ ಸಾಲು ಮತ್ತೆ ಸೊನ್ನೆಯ ಜಾಗಕ್ಕೆ ಸುತ್ತಿ ಬರುತ್ತದೆ. ರಿಯರ್ ಎಂದರೆ ಸಾಲಿನ ಹಿಂತುದಿ, ಫ್ರಂಟ್ ಎಂದರೆ ಮುಂತುದಿ. ಪ್ರಶ್ನೆಯಲ್ಲಿ ಕ್ಯೂ ಅಳತೆ 8. ಇಬ್ಬರೂ ಅರೇಯನ್ನು 8ಕ್ಕೇ ಘೋಷಿಸಿದ್ದರು, ಆದರೆ ರಿಯರ್ ಮುಂದೆ ಹೋಗುವ ಸಾಲಿನಲ್ಲಿ ಇಬ್ಬರದೂ ಮಾಡ್ಯುಲೋ 10, ಅಂದರೆ 8ರ ಬದಲು 10ಕ್ಕೆ ಸುತ್ತುವ ಲೆಕ್ಕ. ಹಿಂದಿನ ವರ್ಷದ ಪ್ರಶ್ನೆಯಲ್ಲಿ ಅಳತೆ 10 ಇತ್ತು. ಪರೀಕ್ಷಿಸಲು ಕೊಟ್ಟ ಇನ್‌ಪುಟ್‌ನಲ್ಲಿ ಆರೇ ಸಂಖ್ಯೆ ಇದ್ದುದರಿಂದ ಔಟ್‌ಪುಟ್ ಸರಿಯಾಗಿಯೇ ಬಂದಿತ್ತು. ಶೇಕಡಾ ಅಂಕಿಗಿಂತ ಆ ಒಂದು 10 ಹೆಚ್ಚು ಹೇಳುತ್ತದೆ.

ಇಷ್ಟಾದ ಮೇಲೂ ಅಂಕ ಕಡಿಯುವ ಮುಂಚೆ ಇಬ್ಬರನ್ನೂ ಬೇರೆ ಬೇರೆಯಾಗಿ ಹತ್ತು ನಿಮಿಷ ಕೂರಿಸಿಕೊಳ್ಳುತ್ತೇನೆ. 'ರಿಯರ್ 7ರಲ್ಲಿದೆ, ಫ್ರಂಟ್ 3ರಲ್ಲಿದೆ. ಇನ್ನೊಂದು ಸಂಖ್ಯೆ ಹಾಕಿದರೆ ಎಲ್ಲಿ ಕೂರುತ್ತಪ್ಪಾ?' ಸರ್ಕ್ಯುಲರ್ ಕ್ಯೂ ಅರ್ಥವಾದವರು ಸೊನ್ನೆ ಎನ್ನುತ್ತಾರೆ, ಆಮೇಲೆ ತಮ್ಮದೇ ಸಾಲು ನೋಡಿ ತಪ್ಪನ್ನು ತಾವೇ ಹಿಡಿಯುತ್ತಾರೆ. ಮತ್ತೊಬ್ಬರದನ್ನು ತಂದವರು ಸಾಲನ್ನು ಹುಡುಕುತ್ತಾ ಇರುತ್ತಾರೆ. ಚಾಟ್‌ಬಾಟ್ ಬರೆದುಕೊಟ್ಟ ಪ್ರೋಗ್ರಾಮ್ ಮಾಸ್ ಕೈಗೆ ಸಾಮಾನ್ಯವಾಗಿ ಸಿಗದು, ಅಲ್ಲಿಯೂ ಈ ಹತ್ತು ನಿಮಿಷವೇ ದಾರಿ.

ಕೊಟ್ಟವರನ್ನೂ ತಂದವರನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಎಷ್ಟೋ ಸಲ ಕೊಟ್ಟವರಿಗೆ ತಾವು ಕೊಟ್ಟಿದ್ದೇ ಗೊತ್ತಿರುವುದಿಲ್ಲ. ಲ್ಯಾಬ್‌ನ ಸಿಸ್ಟಮ್‌ಗಳಲ್ಲೆಲ್ಲ ಒಂದೇ ಲಾಗಿನ್ ಇದ್ದರೆ ಬೆಳಗಿನ ಬ್ಯಾಚ್ ಬಿಟ್ಟುಹೋದ ಫೈಲ್ ಮಧ್ಯಾಹ್ನದ ಬ್ಯಾಚ್‌ಗೆ ಡೆಸ್ಕ್‌ಟಾಪ್‌ನಲ್ಲೇ ಸಿಗುತ್ತದೆ. ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಮಾಡಿ, ಹೋಮ್ ಫೋಲ್ಡರಿನ ಅನುಮತಿ 700 ಇಡಿ, ಆಗ ಅದನ್ನು ಅವರವರು ಮಾತ್ರ ತೆರೆಯಬಹುದು.

ಫಲಿತಾಂಶದ ಪುಟ 14 ದಿನಕ್ಕೆ ಅಳಿಸಿಹೋಗುತ್ತದೆ. ವಿಚಾರಣೆ ಮಾಡಬೇಕೆಂದಿರುವ ಜೋಡಿಗಳನ್ನು ಅದೇ ದಿನ ಪಿಡಿಎಫ್ ಮಾಡಿಟ್ಟುಕೊಳ್ಳಿ. ಕೋಡ್ ಹೊರಗೆ ಕಳಿಸಲು ವಿಭಾಗ ಒಪ್ಪದಿದ್ದರೆ, ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಬೆಳೆದ ಜೆಪ್ಲ್ಯಾಗ್ ನಿಮ್ಮ ಸಿಸ್ಟಮ್‌ನಲ್ಲೇ ಓಡುತ್ತದೆ, ಅದಕ್ಕೆ ಜಾವಾ ಇದ್ದರಾಯಿತು.