ಮಾತ್ರೆ ಚೀಟಿ ಬರೆಯುವ ಮೊದಲು: ರೋಗಿಯ ಜೊತೆ ಕೂತು ತೀರ್ಮಾನಿಸಿದ ನನ್ನ ಅನುಭವ

ನಮ್ಮ ಮಾನಸಿಕ ಆರೋಗ್ಯ ಓಪಿಡಿಗೆ ರೋಗಿ ಒಬ್ಬರೇ ಬರುವುದು ಅಪರೂಪ. ಅಮ್ಮ ಬರುತ್ತಾರೆ, ಅಣ್ಣ ಬರುತ್ತಾನೆ, ಕೆಲವು ಸಲ ಊರಿನ ಆಶಾ ಕಾರ್ಯಕರ್ತೆಯೂ ಜೊತೆಗಿರುತ್ತಾರೆ. "ಹೇಗಿದ್ದೀರಿ?" ಅಂತ ರೋಗಿಯನ್ನು ಕೇಳಿದರೆ ಉತ್ತರ ಪಕ್ಕದ ಕುರ್ಚಿಯಿಂದ ಬರುತ್ತದೆ. "ಪರವಾಗಿಲ್ಲ ಮೇಡಂ, ಊಟ ಮಾಡ್ತಾನೆ, ಮಲಗ್ತಾನೆ." ಮಾತ್ರೆ ಬದಲಿಸೋಣವಾ ಅಂದರೆ ರೋಗಿ ಹೇಳುವುದು ಒಂದೇ ಮಾತು: "ನೀವು ಹೇಳಿದ ಹಾಗೆ." ಹೀಗೆ ತಲೆಯಾಡಿಸಿ ಹೋದವರಲ್ಲಿ ಎಷ್ಟೋ ಜನ ಮನೆಯಲ್ಲಿ ಮಾತ್ರೆ ನುಂಗುವುದೇ ಇಲ್ಲ. ಮತ್ತೆ ನಮ್ಮ ಕಣ್ಣಿಗೆ ಬೀಳುವುದು ಕಾಯಿಲೆ ಮರುಕಳಿಸಿದಾಗಲೇ.

ನಾನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮನೋವೈದ್ಯೆ. ಮಂಗಳವಾರ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯ ಕ್ಲಿನಿಕ್‌ಗೆ ತಾಲ್ಲೂಕು ಆಸ್ಪತ್ರೆಗೆ ಹೋಗುತ್ತೇನೆ. ಚಿಕಿತ್ಸೆಯ ತೀರ್ಮಾನವನ್ನು ರೋಗಿಯ ಜೊತೆ ಸೇರಿಯೇ ಮಾಡಬೇಕು ಅನ್ನುವುದನ್ನು ಪುಸ್ತಕದಲ್ಲಿ ಓದಿದ್ದೆ. ಪುಸ್ತಕದಲ್ಲಿ ಇಬ್ಬರು ಮಾತ್ರ ಇರುತ್ತಾರೆ, ವೈದ್ಯರು ಮತ್ತು ರೋಗಿ. ನಮ್ಮಲ್ಲಿ ಮನೆಯವರೂ ಇರುತ್ತಾರೆ. ಅವರನ್ನು ಹೊರಗೆ ಕಳಿಸಿ ಮಾಡುವ ಕೆಲಸ ಇದಲ್ಲ. ಬಸ್ ಚಾರ್ಜ್ ಕೊಡುವವರು ಅವರು, ರಾತ್ರಿ ಎಚ್ಚರ ಇರುವವರು ಅವರು. ಆದರೆ ಮೊದಲ ಮಾತು ರೋಗಿಯದಾಗಬೇಕು. ನಾವು ಮಾಡಿದ ಬದಲಾವಣೆಗಳೆಲ್ಲ ಇದರ ಸುತ್ತಲೇ.

ಶುರು ಮಾಡಿದ್ದು ಬಿಪಿ ನೋಡುವ ಟೇಬಲ್‌ನಿಂದ. ಅಲ್ಲಿ ನಮ್ಮ ಸಿಸ್ಟರ್ ರೋಗಿಯನ್ನೇ ನೋಡಿ ಒಂದು ಪ್ರಶ್ನೆ ಕೇಳುತ್ತಾರೆ: "ಇವತ್ತು ಡಾಕ್ಟರ್ ಹತ್ತಿರ ಯಾವ ವಿಷಯ ಮಾತಾಡಬೇಕು ಅಂತಿದ್ದೀರಿ?" ಬಂದ ಉತ್ತರವನ್ನು ಅವರ ಮಾತಿನಲ್ಲೇ ಓಪಿಡಿ ಪುಸ್ತಕದ ಮೇಲ್ಗಡೆ ಬರೆಯುತ್ತಾರೆ. "ಬೆಳಿಗ್ಗೆ ಏಳಕ್ಕಾಗಲ್ಲ." "ಮುಟ್ಟು ನಿಂತಿದೆ." "ಮದುವೆ ಮಾತುಕತೆ ನಡೀತಿದೆ, ಮಾತ್ರೆ ವಿಷಯ ಹೇಳಬೇಕಾ?" ಆ ಸಾಲನ್ನು ನಾನು ಜೋರಾಗಿ ಓದಿಯೇ ಮಾತು ಶುರು ಮಾಡುತ್ತೇನೆ. ಬರೆದಿಟ್ಟ ಮಾತಿಗೆ ಮನೆಯವರೂ ಸ್ವಲ್ಪ ತಡೆದು ಕಿವಿಗೊಡುತ್ತಾರೆ.

ಆಮೇಲೆ ಒಂದು ಹಾಳೆ ಮಾಡಿದೆವು. ನಾವು ಜಾಸ್ತಿ ಬರೆಯುವ ಮಾತ್ರೆಗಳು ಒಂದು ಕಡೆ, ಎದುರಿಗೆ ಅವುಗಳಿಂದ ಏನು ಉಪಕಾರ, ಏನು ತೊಂದರೆ. ಒಲಾಂಜಪಿನ್‌ನಿಂದ ನಿದ್ದೆ ಚೆನ್ನಾಗಿ ಬರುತ್ತದೆ, ಹಸಿವೂ ತೂಕವೂ ಏರುತ್ತವೆ, ಸಕ್ಕರೆ ಪರೀಕ್ಷೆ ಬೇಕು. ರಿಸ್ಪೆರಿಡೋನ್‌ನಿಂದ ಕೆಲವರಿಗೆ ಕೈಕಾಲು ಬಿಗಿಯುತ್ತವೆ, ಮುಟ್ಟು ಏರುಪೇರಾಗುತ್ತದೆ. ಅರಿಪಿಪ್ರಜೋಲ್‌ನಿಂದ ತೂಕ ಅಷ್ಟಾಗಿ ಏರುವುದಿಲ್ಲ, ಆದರೆ ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ ಬರಬಹುದು. ಇದರ ಕರಡನ್ನು ಮೊದಲು ಓದಿದವರು ನಮ್ಮ ರೋಗಿಗಳೇ. "ತೂಕ ಹೆಚ್ಚಳ ಅನ್ನೋದಕ್ಕಿಂತ ಬಟ್ಟೆ ಬಿಗಿಯಾಗುತ್ತೆ ಅಂತ ಬರೀರಿ, ಅದು ಬೇಗ ಗೊತ್ತಾಗುತ್ತೆ" ಅಂದವರು ಒಬ್ಬ ಹೆಂಗಸು. ಹಾಗೇ ಬರೆದೆವು. ಕೊನೆಯ ಸಾಲಿನಲ್ಲಿ, ಯಾವ ಮಾತ್ರೆಯೂ ಬೇಡ ಅಂದರೆ ಏನಾಗಬಹುದು ಅನ್ನುವುದೂ ಇದೆ. ಅದನ್ನು ಬಿಟ್ಟರೆ ಹಾಳೆ ಪ್ರಾಮಾಣಿಕ ಅನ್ನಿಸುವುದಿಲ್ಲ. ಇನ್ನೊಂದು ವಿಷಯದಲ್ಲಿ ನಾನು ಬಿಗಿ. ಆಸ್ಪತ್ರೆ ಔಷಧಾಲಯದಲ್ಲಿ ಇಲ್ಲದ ಮಾತ್ರೆಯಾದರೆ ಹೊರಗೆ ಅದರ ಬೆಲೆ ಎಷ್ಟು ಅಂತ ಅಲ್ಲೇ ಬರೆದಿರಬೇಕು. ಕೊಳ್ಳಲಾಗದ್ದನ್ನು ತೋರಿಸಿ ಆರಿಸಿಕೊಳ್ಳಿ ಅನ್ನುವುದು ಸರಿಯಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಮನಸ್ಸು ಕೆಲವು ಸಲ ವಿಪರೀತ ಉಬ್ಬುವ, ಕೆಲವು ಸಲ ಕುಗ್ಗುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುತ್ತಿದ್ದ ಹೆಣ್ಣುಮಗಳು, ಮನೆಯಲ್ಲೇ ಬ್ಲೌಸ್ ಹೊಲಿಯುವವರು. ಪುಸ್ತಕದಲ್ಲಿ ಸಿಸ್ಟರ್ ಬರೆದಿದ್ದದ್ದು: "ಸೂಜಿಗೆ ದಾರ ಹಾಕಕ್ಕಾಗ್ತಿಲ್ಲ." ಲಿಥಿಯಂನಿಂದ ಕೆಲವರಿಗೆ ಕೈ ನಡುಗುತ್ತದೆ. ಜೊತೆಗಿದ್ದ ಅತ್ತೆ ಕೂಡಲೇ ಹೇಳಿದರು: "ಮಾತ್ರೆ ಮಾತ್ರ ಕಮ್ಮಿ ಮಾಡಬೇಡಿ ಮೇಡಂ, ಹೋದ ಸಲ ನಾವು ಪಟ್ಟ ಪಾಡು ನಮಗೇ ಗೊತ್ತು." ಇಬ್ಬರ ಮಾತೂ ನಿಜ. ನಾನು ಸೊಸೆಯನ್ನು ಕೇಳಿದೆ, "ಕೈ ನಡುಗಿದರೆ ನಿಮಗೆ ಏನು ನಷ್ಟ?" ಹೊಲಿಗೆ ದುಡ್ಡು ಮಗಳ ಸ್ಕೂಲ್ ಫೀಸಿಗೆ ಹೋಗುತ್ತದೆ ಅಂದರು. ಅತ್ತೆಯನ್ನು ಕೇಳಿದೆ, "ನಿಮಗೆ ಯಾವುದರ ಭಯ?" ಅವಳು ರಾತ್ರಿಯೆಲ್ಲ ನಿದ್ದೆಯಿಲ್ಲದೆ ಮನೆಬಿಟ್ಟು ಹೋದಳು, ಅದು ಮತ್ತೆ ಆಗಬಾರದು ಅಂದರು.

ಹಾಳೆ ಮುಂದಿಟ್ಟುಕೊಂಡು ದಾರಿಗಳನ್ನು ನೋಡಿದೆವು. ಲಿಥಿಯಂ ಡೋಸ್ ಸ್ವಲ್ಪ ಇಳಿಸಿ, ಹಿಂದಿನ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ರಕ್ತ ಕೊಟ್ಟು ಮಟ್ಟ ನೋಡುವುದು ಒಂದು. ನಡುಕಕ್ಕೆ ಪ್ರೊಪ್ರನೊಲಾಲ್ ಸೇರಿಸುವುದು ಇನ್ನೊಂದು. ಅವರಿಗೆ ಅಸ್ತಮಾ ಇದ್ದದ್ದರಿಂದ ಅದು ಬೇಡವಾಯಿತು. ಕ್ವೆಟಿಯಾಪಿನ್‌ಗೆ ಬದಲಾಯಿಸಬಹುದಿತ್ತು, ಆದರೆ ಬೆಳಗಿನ ಹೊತ್ತು ಮಂಪರು ಇರಬಹುದು. ವ್ಯಾಲ್‌ಪ್ರೊಯೇಟ್ ನಡುಕವನ್ನೂ ತರಬಹುದು, ಹೊಟ್ಟೆಯಲ್ಲಿರುವ ಮಗುವಿಗೂ ದೊಡ್ಡ ಅಪಾಯ. ಎರಡನೇ ಮಗು ಬೇಕು ಅಂತ ಅವರಿಗೆ ಆಸೆ ಇತ್ತು. ಗರ್ಭಿಣಿಯಾಗುವ ಮೊದಲೇ ಬಂದು ಲಿಥಿಯಂ ಬಗ್ಗೆಯೂ ಮಾತಾಡಬೇಕು ಅಂದೆ. ಅವತ್ತೇ ತೀರ್ಮಾನ ಮಾಡಲಿಲ್ಲ. ಹಾಳೆ ಮನೆಗೆ ಒಯ್ದರು, ಗಂಡನ ಜೊತೆ ಮಾತಾಡಿ ಬಂದರು. ಡೋಸ್ ಇಳಿಸುವುದನ್ನು ಆರಿಸಿಕೊಂಡರು. ಅದರ ಜೊತೆ ಅತ್ತೆಯ ಭಯಕ್ಕೂ ಒಂದು ಏರ್ಪಾಡು ಬೇಕಲ್ವಾ? ಎರಡು ರಾತ್ರಿ ನಿದ್ದೆ ಕಮ್ಮಿಯಾದರೆ, ಮಾತು ಜಾಸ್ತಿಯಾದರೆ, ಬಟ್ಟೆ ಸಿಕ್ಕಾಪಟ್ಟೆ ತಂದು ಗುಡ್ಡೆ ಹಾಕಿದರೆ ನಮ್ಮ ಸಿಸ್ಟರ್‌ಗೆ ಫೋನ್ ಮಾಡುವುದು, ರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಈ ಲಕ್ಷಣಗಳನ್ನು ಹೇಳಿ ಬರೆಸಿದವರು ರೋಗಿಯೇ. ತಮ್ಮ ಕಾಯಿಲೆ ಹೇಗೆ ಶುರುವಾಗುತ್ತದೆ ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನಡುಕ ಪೂರ್ತಿ ಹೋಗಲಿಲ್ಲ, ಹೊಲಿಗೆ ಮಾಡುವಷ್ಟು ಇಳಿಯಿತು.

ಎಲ್ಲ ಸಲವೂ ಇಷ್ಟು ಸಲೀಸಲ್ಲ. ಮಾತ್ರೆ ಪೂರ್ತಿ ನಿಲ್ಲಿಸಬೇಕು ಅನ್ನುವವರು ಬಂದಾಗ ನನಗೆ ಕಷ್ಟವಾಗುತ್ತದೆ. ಆಗ ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ. "ಈಗ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಭಯ ನನಗಿದೆ" ಅಂತ ನೇರವಾಗಿ ಹೇಳುತ್ತೇನೆ. ಆದರೆ ನನಗೆ ಒಪ್ಪಿಗೆಯಾಗದ ತೀರ್ಮಾನ ತೆಗೆದುಕೊಂಡರು ಅನ್ನುವ ಒಂದೇ ಕಾರಣಕ್ಕೆ ಅವರಿಗೆ ತೀರ್ಮಾನಿಸುವ ಶಕ್ತಿಯೇ ಇಲ್ಲ ಅನ್ನುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 4ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಹೇಗೂ ಬಿಡುವವರು ಹೇಳದೆ ಒಮ್ಮೆಲೇ ಬಿಡುವುದಕ್ಕಿಂತ, ನನ್ನ ಕಣ್ಣೆದುರಿಗೆ ನಿಧಾನವಾಗಿ ಇಳಿಸುವುದು ಮೇಲು. ಬಾಗಿಲು ತೆರೆದಿರುತ್ತದೆ.

ವಿಪರೀತ ಕೆರಳಿದವರು, ಅನ್ನ ನೀರು ಬಿಟ್ಟವರು, ಜೀವಕ್ಕೆ ಅಪಾಯ ತಂದುಕೊಳ್ಳುವವರು ಬಂದಾಗ ಹಾಳೆ ತೋರಿಸುತ್ತಾ ಕೂರುವುದಕ್ಕಾಗುವುದಿಲ್ಲ. ಕಾಯ್ದೆಯ ಮಿತಿಯೊಳಗೆ ಮೊದಲು ಚಿಕಿತ್ಸೆ. ಸುಧಾರಿಸಿಕೊಂಡ ಮೇಲೆ ಕೇಳಲೇಬೇಕಾದ ಮಾತು ಒಂದಿದೆ: "ಮುಂದೆ ಹೀಗಾದರೆ ನಾವು ಏನು ಮಾಡಬೇಕು, ಏನು ಮಾಡಬಾರದು, ಯಾರನ್ನು ಕರೆಯಬೇಕು?" ಇದನ್ನು ಮೊದಲೇ ಬರೆದಿಡುವ ಹಕ್ಕು ಅದೇ ಕಾಯ್ದೆಯಲ್ಲಿದೆ. ತಮ್ಮ ಪರವಾಗಿ ನಿಲ್ಲುವವರನ್ನು ತಾವೇ ಹೆಸರಿಸುವ ಹಕ್ಕೂ ಇದೆ. ಒಬ್ಬ ಹುಡುಗ ಅಪ್ಪನ ಹೆಸರು ಬಿಟ್ಟು ಚಿಕ್ಕಮ್ಮನ ಹೆಸರು ಹೇಳಿದ. ಅಪ್ಪನಿಗೆ ನೋವಾಯಿತು. ನಮ್ಮ ಸಮಾಜ ಕಾರ್ಯಕರ್ತೆ ಅವರ ಜೊತೆ ಬೇರೆಯಾಗಿ ಕೂತು ಬಹಳ ಹೊತ್ತು ಮಾತಾಡಬೇಕಾಯಿತು.

"ಇಷ್ಟು ಜನರಲ್ಲಿ ಇದಕ್ಕೆಲ್ಲ ಟೈಮ್ ಎಲ್ಲಿದೆ ಮೇಡಂ?" ಅಂತ ಕಿರಿಯ ವೈದ್ಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪ್ರತಿ ಭೇಟಿಯಲ್ಲೂ ಇದನ್ನು ಮಾಡಲು ಹೋದರೆ ಸಾಲು ಗೇಟಿನ ತನಕ ಹೋಗುತ್ತದೆ. ಹೊಸ ಮಾತ್ರೆ ಶುರು ಮಾಡುವಾಗ, ಬದಲಿಸುವಾಗ, ನಿಲ್ಲಿಸುವ ಮಾತು ಬಂದಾಗ, ಮದುವೆ ಅಥವಾ ಬಸಿರಿನ ವಿಷಯ ಇದ್ದಾಗ ಮಾತ್ರ ಕೂತು ಮಾತಾಡುತ್ತೇವೆ. ಅರ್ಧ ಕೆಲಸವನ್ನು ಸೈಕಾಲಜಿಸ್ಟ್ ಮತ್ತು ಸಿಸ್ಟರ್ ನನಗಿಂತ ಮೊದಲೇ ಮುಗಿಸಿರುತ್ತಾರೆ. ಹಿಂದಿನ ಮಾತ್ರೆಯನ್ನೇ ಮುಂದುವರಿಸಲು ಬಂದವರಿಗೆ ಸಿಸ್ಟರ್ ಕೇಳುವ ಆ ಒಂದು ಪ್ರಶ್ನೆ ಸಾಕು.

ಈಗ ಪುಸ್ತಕದಲ್ಲಿ ಡೋಸಿನ ಕೆಳಗೆ, ಈ ಮಾತ್ರೆಯನ್ನು ಯಾಕೆ ಆರಿಸಿಕೊಂಡರು ಅಂತಲೂ ಕನ್ನಡದಲ್ಲೇ ಬರೆಯುತ್ತಿದ್ದೇವೆ. ನನಗೆ ವರ್ಗಾವಣೆಯಾಗಬಹುದು, ಮುಂದಿನ ಮಂಗಳವಾರ ಬೇರೆ ವೈದ್ಯರು ಕೂರಬಹುದು. "ಹೊಲಿಗೆಗೆ ಕೈ ನಡುಗಬಾರದು ಅಂತ ಡೋಸ್ ಇಳಿಸಿದೆ" ಅಂತ ಬರೆದಿದ್ದರೆ, ಅವರು ಸುಮ್ನೆ ಹಳೇ ಡೋಸ್‌ಗೆ ಏರಿಸುವ ಮೊದಲು ಆಕೆಯನ್ನು ಒಂದು ಮಾತು ಕೇಳುತ್ತಾರೆ.